ಮೇಲಿನಿಂದ ಕಂಡ ಕಡಲು, ಕೆಳಗೆ ಕೂತ ಅಕ್ಕ

ಆಕಾಶಕ್ಕೆ ಕ್ಯಾಮೆರಾ ಹಾರಿಸಿ ಹೊಟ್ಟೆ ಹೊರೆಯುವವನಿಗೆ ಇಂಥವು ಆಗುತ್ತಲೇ ಇರುತ್ತವೆ. ಮಂಡ್ಯದಲ್ಲಿ ನನ್ನದೊಂದು ಸ್ಟುಡಿಯೊ. ಹನಕೆರೆಯ ಮದುವೆಯೊಂದರಲ್ಲಿ ಡ್ರೋನಿನ ಗಾಳಿಗೆ ಮದುಮಗನ ಪೇಟ ಹಾರಿ, ಅಲ್ಲಿಯವರೆಗೆ ಗುಟ್ಟಾಗಿದ್ದ ಬೋಳುತಲೆ ಬಯಲಾಗಿ, ಎರಡೂ ಕಡೆಯ ಬೀಗರು ಸೇರಿ ನನ್ನನ್ನೇ ಬೈದರು. ಆದರೆ ನೆನೆದರೆ ನಗುವೂ ಅಳುವೂ ಒಟ್ಟಿಗೆ ಬರುವುದು ಒಂದೇ ಪ್ರಯಾಣ. ಮದ್ದೂರಿನ ಪ್ರೆಸ್ಸೊಂದು ಕರಾವಳಿಯನ್ನು ಮೇಲಿನಿಂದ ತೆಗೆದ ಹನ್ನೆರಡು ಚಿತ್ರ ಬೇಕು, ಕ್ಯಾಲೆಂಡರಿಗೆ, ಅಂದಿತ್ತು. ಕಿರುಗಾವಲಿನಲ್ಲಿರುವ ಅಕ್ಕನನ್ನೂ ಕಾರಿನಲ್ಲಿ ಕೂರಿಸಿಕೊಂಡೆ. ಭಾವ ತೀರಿಕೊಂಡು ಮೂರು ತಿಂಗಳಾಗಿತ್ತು. ಅಕ್ಕ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಮಾತೂ ಕಡಿಮೆಯಾಗಿತ್ತು. ಎಲ್ಲಾದರೂ ಕರ್ಕೊಂಡು ಹೋಗಪ್ಪ ಅಂತ ನೆಂಟರೆಲ್ಲ ಹೇಳಿದ್ದರು.

೧. ಕಾರಿನೊಳಗೇ ಸಮುದ್ರ

ಮೊದಲ ದಿನ ದೀಪಸ್ತಂಭದ ಚಿತ್ರ. ಅಕ್ಕ ಅದುವರೆಗೆ ಸಮುದ್ರ ಕಂಡವಳಲ್ಲ. ಅಲೆ ಇಪ್ಪತ್ತು ಮಾರು ದೂರದಲ್ಲಿ ಭೋರ್ಗರೆಯುತ್ತಿದ್ದರೂ ಕಾರಿನಿಂದ ಇಳಿಯಲಿಲ್ಲ. ಬಿಸಿಲು ಅಂದಳು, ಮೊಣಕಾಲು ನೋವು ಅಂದಳು. ಕೊನೆಗೆ ನಾನೇ ರಿಮೋಟಿನ ಪುಟ್ಟ ಪರದೆಯನ್ನು ಕಿಟಕಿಯೊಳಗೆ ಹಿಡಿದು, ಡ್ರೋನಿಗೆ ಕಾಣುತ್ತಿದ್ದುದನ್ನೆಲ್ಲ ತೋರಿಸಿದೆ: ಬಿಳಿ ನೊರೆಯ ಗೆರೆ, ಕಲ್ಲುಬಂಡೆ, ಅದರ ಮೇಲೆ ಸೀಮೆಸುಣ್ಣದ ತುಂಡಿನ ಹಾಗೆ ನಿಂತ ದೀಪಸ್ತಂಭ, ಆಚೆಗೆ ಕೊನೆಯೇ ಇಲ್ಲದ ನೀಲಿ. ಐದು ನಿಮಿಷ ಕಣ್ಣು ಮಿಟುಕಿಸದೆ ನೋಡಿದಳು. ಮನಸ್ಸು ಹಗುರವಾಯಿತೇನೋ ಅಂದುಕೊಂಡೆ.

"ಇದ್ನ ಹಳ್ಳೀಲೇ ತೋರ್ಸಿದ್ರೆ ಆಯ್ತಿರ್ನಿಲ್ವೇನ್ಲಾ? ಇಷ್ಟು ದೂರ ಯಾಕ್ ಕರ್ಕಬಂದೆ?" ಅಂದಳು.

೨. ಬಲೆಗೆ ಬೀಳದ್ದು

ಮರುದಿನ ಮೀನುಗಾರರ ದೋಣಿಗಳ ಚಿತ್ರ. ದಡದಲ್ಲಿ ನಾಲ್ಕು ಜನ ಬಲೆ ಬಿಡಿಸುತ್ತ ಕೂತಿದ್ದರು. ಹಲವು ದಿನಗಳಿಂದ ಮೀನೇ ಸಿಕ್ಕಿಲ್ಲವಂತೆ, ಮುಖ ಸಪ್ಪಗಿತ್ತು. ಅವರಲ್ಲಿ ಹಿರಿಯರು ಬಂದು, ನನ್ನ ಊರು ವಿಚಾರಿಸಿ, ಮೇಲಿನಿಂದ ಮೀನಿನ ಗುಂಪು ಕಂಡರೆ ಹೇಳ್ತೀರಾ ಅಂತ ಬಹಳ ಮರ್ಯಾದೆಯಿಂದ ಕೇಳಿದರು. ಕಬ್ಬಿನ ಗದ್ದೆಯ ಊರಿನ ನನಗೇನು ಗೊತ್ತು ಮೀನಿನ ವಿಷಯ? ಆದರೂ ಪರದೆ ನೋಡಿದೆ. ಕಪ್ಪಗೆ, ದೊಡ್ಡದಾಗಿ, ನಿಧಾನಕ್ಕೆ ದಕ್ಷಿಣಕ್ಕೆ ಸರಿಯುತ್ತಿದ್ದ ಏನೋ ಒಂದು ಕಂಡಿತು. ಖುಷಿಯಲ್ಲಿ ಕೈ ತೋರಿಸಿಬಿಟ್ಟೆ.

ನಾಲ್ವರೂ ದೋಣಿ ತಳ್ಳಿಕೊಂಡು ಹೊರಟರು. ನಾನು ದಡದಿಂದ ಎಡಕ್ಕೆ, ಬಲಕ್ಕೆ ಅಂತ ಕೈಬೀಸುತ್ತಲೇ ಇದ್ದೆ. ಅರ್ಧ ಗಂಟೆ ಕಳೆದು ಬರಿಗೈಯಲ್ಲಿ ಬಂದರು. ಬೈಯುತ್ತಾರೆ ಅಂತ ತಲೆ ತಗ್ಗಿಸಿ ನಿಂತೆ. ಹಿರಿಯರು ಬಲೆ ಕೆಳಗಿಟ್ಟು ಆಕಾಶದಲ್ಲಿ ತೇಲುತ್ತಿದ್ದ ಒಂಟಿ ಮೋಡವನ್ನು ತೋರಿಸಿದರು.

"ನೀವು ಕಂಡದ್ದು ಅದರ ನೆರಳು. ಮೋಡ ಹಿಡಿಯುವ ಬಲೆ ನಮ್ಮಲ್ಲಿಲ್ಲ ಮಾರಾಯ್ರೆ. ನಿಮ್ಮ ಮಂಡ್ಯದಲ್ಲಿ ಉಂಟಾ?"

೩. ಮನೆಗೆ ಬಂದ ಡ್ರೋನ್

ಕೊನೆಯ ದಿನ, ನದಿ ಸಮುದ್ರ ಸೇರುವ ಅಳಿವೆ. ಜನರನ್ನೂ ಬೈಕುಗಳನ್ನೂ ದಾಟಿಸುವ ಬಾರ್ಜು ದಡ ಬಿಡುವ ಮೊದಲೇ ಅದರ ಮೇಲೆ ನಿಂತು ಡ್ರೋನ್ ಹಾರಿಸಿದೆ. ಅಕ್ಕ ಪಕ್ಕದಲ್ಲೇ ಇದ್ದಳು. ಬ್ಯಾಟರಿ ಇಳಿದರೆ ಡ್ರೋನ್ ಹೊರಟ ಜಾಗಕ್ಕೆ ತಾನೇ ವಾಪಸ್ಸು ಬರುತ್ತದೆ. ಬಂತು ಕೂಡ. ಆದರೆ ಬಾರ್ಜು ಅಷ್ಟರಲ್ಲಿ ನದಿಯ ಅರ್ಧ ದಾಟಿತ್ತು. ನಾನು ಗುಂಡಿ ಒತ್ತುತ್ತಲೇ ಇದ್ದೆ, ಅದು ಹೊರಟಿದ್ದ ಜಾಗದ ಮೇಲೆ ನಿಂತು, ಬಹಳ ಜೋಪಾನವಾಗಿ ನೀರಿನ ಮೇಲೆ ಇಳಿದು, ಮುಳುಗಿತು. ಹಿಂದಿನ ದಿನಗಳ ಚಿತ್ರ ಲ್ಯಾಪ್‌ಟಾಪಿಗೆ ಹಾಕಿಟ್ಟಿದ್ದರಿಂದ ಬಚಾವಾದೆ.

ಯಾಕೆ ಹಂಗಾಯ್ತು ಅಂತ ಅಕ್ಕ ಕೇಳಿದಳು. ಹೊರಟ ಜಾಗವೇ ಅದಕ್ಕೆ ಮನೆ, ಬಾರ್ಜು ಮುಂದೆ ಬಂದದ್ದು ಅದಕ್ಕೆ ಗೊತ್ತಿಲ್ಲ ಅಂತ ಹೇಳಿದೆ. ಅದು ಮುಳುಗಿದ ಕಡೆ ತಿರುಗಿ ನೋಡಿದಳು.

"ಪಾಪ, ಮನೆ ಅಂತ್ಲೇ ಬಂತು ಕಣ್ಲಾ," ಅಂದವಳೇ ಅಳಲು ಶುರುಮಾಡಿದಳು. ಮೂರು ತಿಂಗಳದ್ದೆಲ್ಲ ಒಟ್ಟಿಗೆ ಬಂತು. ಬಾರ್ಜಿನವರೆಲ್ಲ ಗಾಬರಿಯಾದರು. ಬೈಕಿನ ಮೇಲೆ ಕೂತಿದ್ದ ಒಬ್ಬರು ಹತ್ತಿರ ಬಂದು ಮೆಲ್ಲಗೆ ಸಮಾಧಾನ ಹೇಳಿದರು.

"ಅಳಬೇಡಿ ಅಮ್ಮ. ಹೋದದ್ದು ಹೋಯಿತು. ಬೇರೆಯದು ತಂದರಾಯಿತು."

೪. ಆಗಸ್ಟ್ ತಿಂಗಳು

ಮೊದಲ ಸಂಜೆಯೇ ಒಂದು ಚಿತ್ರ ತೆಗೆದಿದ್ದೆ. ಬಿಸಿಲಿನ ಝಳ ಇಳಿದ ಮೇಲೆ ಅಕ್ಕ ಯಾರಿಗೂ ಹೇಳದೆ ಕಾರಿನಿಂದ ಇಳಿದು ಹೋಗಿ ಮರಳಿನಲ್ಲಿ ಒಬ್ಬಳೇ ಕೂತಿದ್ದಳು. ಮೇಲಿನಿಂದ ನೋಡಿದರೆ ಖಾಲಿ ತೀರ, ಅದರಲ್ಲೊಂದು ಚುಕ್ಕಿ, ಚುಕ್ಕಿಯಿಂದ ಹೊರಟ ಉದ್ದನೆಯ ನೆರಳು. ಹನ್ನೆರಡರಲ್ಲಿ ಅದೇ ಚೆನ್ನಾಗಿತ್ತು. ನೀನೂ ಕ್ಯಾಲೆಂಡರಿನಲ್ಲಿ ಬರ್ತೀಯ ಅಂದಿದ್ದೆ. ಅವಳು ಬೀದಿಗೆಲ್ಲ ಹೇಳಿಕೊಂಡಿದ್ದಳು.

ಕ್ಯಾಲೆಂಡರ್ ತಗೊಂಡು ಕಿರುಗಾವಲಿಗೆ ಹೋದೆ. ಪಕ್ಕದ ಮನೆಯಾಕೆಯೂ ಬಂದು ಕೂತರು. ಹಾಳೆ ತಿರುವಿದರೆ ತೀರವಿದೆ, ಅಕ್ಕ ಇಲ್ಲ. ಪ್ರೆಸ್ಸಿಗೆ ಫೋನು ಮಾಡಿದೆ. ಚಿತ್ರದಲ್ಲೊಂದು ಧೂಳಿನ ಚುಕ್ಕಿ ಇತ್ತು ಸಾರ್, ನೀಟಾಗಿ ಒರೆಸಿದ್ದೀನಿ ಅಂತ ಡಿಸೈನ್ ಮಾಡಿದವನು ಹೆಮ್ಮೆಯಿಂದ ಹೇಳಿದ. ಚುಕ್ಕಿ ಒರೆಸಿದವನು ನೆರಳನ್ನು ಹಾಗೇ ಬಿಟ್ಟಿದ್ದ.

ಪಕ್ಕದ ಮನೆಯಾಕೆ ಆ ನೆರಳನ್ನು ನೋಡಿ ಎದೆಯ ಮೇಲೆ ಕೈಯಿಟ್ಟುಕೊಂಡರು. ಆಳಿಲ್ಲದೆ ನೆರಳು ಎಲ್ಲಿಂದ ಬಂತು, ನಿಮ್ಮೆಜಮಾನ್ರೇ ನಿಮ್ಮನ್ನ ನೋಡೋಕೆ ಬಂದವ್ರೆ ಕಣಕ್ಕ, ಅಂದರು.

ಅಕ್ಕ ಕ್ಯಾಲೆಂಡರನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು.

"ಬದ್ಕಿದ್ದಾಗ ಮಳವಳ್ಳಿ ಸಂತೆಗ್ ಕರುದ್ರೂ ಬತ್ತಿರ್ನಿಲ್ಲ ಆ ಮಾರಾಯ. ಸತ್ಮೇಲೆ ಸಮುದ್ರುಕ್ ಬತ್ತಾನಾ? ಅದು ನಾನೇ ಕಣಮ್ಮ."

ಅಂದು ನಕ್ಕಳು. ಭಾವ ಹೋದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು. ಆದರೂ ಕ್ಯಾಲೆಂಡರನ್ನು ಗೋಡೆಗೆ ಹಾಕುವಾಗ ಆ ಚಿತ್ರವೇ ಮೇಲಿರಬೇಕು ಅಂದಳು. ಅದು ಆಗಸ್ಟ್ ಹಾಳೆ. ಜನವರಿಯಿಂದ ಇಲ್ಲಿಯವರೆಗೆ ಅವಳ ಮನೆಯಲ್ಲಿ ಬರೀ ಆಗಸ್ಟ್. ತಾರೀಕು ಬೇಕಾದಾಗ ಪಕ್ಕದ ಮನೆಗೆ ಹೋಗಿ ಕೇಳಿಕೊಂಡು ಬರುತ್ತಾಳೆ.