ಕಂಟ್ರೋಲಿಗೆ ಸಿಗದ ಅಳ್ಳು

ಚಿದಾನಂದಪ್ಪ ಅಂಜುಬುರುಕ. ಅಂಜುಬುರುಕರಲ್ಲಿಯೂ ಬಡಾಯಿ ಕೊಚ್ಚುವವರ ಪೈಕಿ. ಬಳ್ಳಾರಿಯ ಹತ್ತಿ ಗಿರಣಿಯೊಂದರಲ್ಲಿ ಗುಮಾಸ್ತನಾಗಿದ್ದ ಆತನಿಗೆ ಎಸ್.ಎಸ್.ಎಲ್.ಸಿ.ವರೆಗಿನ ಇಂಗ್ಲಿಷು ಬರುತ್ತಿತ್ತು. ಕೌಲಬಜಾರಿನ ಆ ಓಣಿಗೆ ಅದೇ ಹೆಚ್ಚು.

ಎರಡನೇ ಮಹಾಯುದ್ಧದ ಆ ಪಡಿತರದ ದಿನಗಳಲ್ಲಿ ಓಣಿಯವರಿಗೆಲ್ಲ ಒಂದೇ ಒಂದು ಇಂಗ್ಲಿಷ್ ಮಾತು ಚೆನ್ನಾಗಿ ಬರುತ್ತಿತ್ತು: ಕಂಟ್ರೋಲ್. ಹೆಂಗಸರಿಗೆ ಅದು ಮುಗ್ಗಲು ಅಕ್ಕಿ ಕೊಡುವ ಅಂಗಡಿ. ದರ್ಜಿಗೆ, ಒಂದೇ ಒಗೆತಕ್ಕೆ ಮೊಣಕಾಲಿಗೇರುವ ಬಟ್ಟೆ. ವ್ಯಾಪಾರಿಗೆ, ಯಾರೂ ಮಾರದ ದರ. ಮಕ್ಕಳಿಗೆ, ಸೀಮೆಎಣ್ಣೆ ಇಲ್ಲದ್ದರಿಂದ ಓದದಿರುವ ಭಾಗ್ಯ. ಭತ್ತ ಬಚ್ಚಿಟ್ಟವರಿಗೆ ಅದು ಸಪ್ಲೈ ಇನ್‌ಸ್ಪೆಕ್ಟರ್ ಜಡೆಪ್ಪ. ಅವರ ಬಾಯಲ್ಲಿ ಆತನ ಹೆಸರೇ ಕಂಟ್ರೋಲ್ ಸಾಹೇಬ.

"ಕಂಟ್ರೋಲ್ ಅಂದ್ರ ಹಿಡಿತ. ನಮ್ಮನಿ ನನ್ನ ಹಿಡಿತದಾಗ ಐತಿ ನೋಡ್ರಿ, ಹಂಗ," ಎಂದು ಚಿದಾನಂದಪ್ಪ ಕಟ್ಟೆಯ ಮೇಲೆ ಕುಳಿತು ಎಲ್ಲರಿಗೂ ಅರ್ಥ ಬಿಡಿಸುತ್ತಿದ್ದ. ಒಳಗಿನಿಂದ ಹೆಂಡತಿ ದುರುಗಮ್ಮ ಕೆಮ್ಮಿದರೆ ಮಾತು ಅರ್ಧಕ್ಕೇ ಬಿಟ್ಟು ಏಳುತ್ತಿದ್ದ.

ಇಂಥವನ ಮನೆಗೆ ದೇಶನೂರಿನಿಂದ ಅಕ್ಕ ಹುಲುಗಮ್ಮ ಬಂದಳು. ವಿಧವೆ. ಮಗಳನ್ನು ಹೆರಿಗೆಗೆಂದು ಬಳ್ಳಾರಿಯ ದವಾಖಾನೆಗೆ ಸೇರಿಸಿದ್ದಳು. ಬಾಣಂತಿಗೆ ಬೇಕೆಂದು, ಪರವಾನಗಿ ಇಲ್ಲದೆ, ಗಾಡಿಯ ಹುಲ್ಲಿನ ಅಡಿಯಲ್ಲಿ ಎರಡು ಚೀಲ ಭತ್ತ ಇಟ್ಟುಕೊಂಡು ಬಂದಿದ್ದಳು. ಸಿಕ್ಕಿಬಿದ್ದರೆ ಭತ್ತವೂ ಹೋಗುತ್ತದೆ, ತಂದವರು ಜೇಲಿಗೂ ಹೋಗುತ್ತಾರೆ.

ಮರುದಿನ ಬೆಳಿಗ್ಗೆಯೇ ಪಕ್ಕದ ಮನೆಯ ಪಾರಮ್ಮ ಗೋಡೆಯ ಮೇಲೆ ತಲೆ ಇಟ್ಟು ಹೇಳಿದಳು: "ಕಂಟ್ರೋಲ್ ಸಾಹೇಬ ಇವತ್ತು ನಮ್ಮ ಓಣಿಗೆ ಬರ್ತಾನಂತ. ನಿನ್ನಿ ರೂಪನಗುಡಿ ಗಾಡಿ ಹಿಡದಾನ."

ಚಿದಾನಂದಪ್ಪನ ಕೈಯಲ್ಲಿದ್ದ ಚಹಾ ಬಟ್ಟಲು ಬಸಿಯ ಮೇಲೆ ಸದ್ದು ಮಾಡತೊಡಗಿತು.

"ಮೊದ್ಲು ನಡಗೂದನ್ನ ಕಂಟ್ರೋಲ್ ಮಾಡ್ರಿ," ಎಂದಳು ದುರುಗಮ್ಮ.

"ನಿನಗೇನು ತಿಳೀತೈತಲೇ? ಕಾಯಿದ್ಯಾಗ ಭತ್ತ ಐತಿ, ಅಕ್ಕಿ ಐತಿ. ಅಳ್ಳಿನ ಹೆಸರ ಇಲ್ಲ. ಎಲ್ಲಾ ಹುರಿದು ಅಳ್ಳು ಮಾಡಿಬಿಡು. ಸಾಹೇಬ ಏನ್ ಹಿಡೀತಾನ?"

"ನನ್ನ ಮಗಳು ಅಳ್ಳು ತಿಂದು ಕೂಸಿಗೆ ಹಾಲು ಕೊಡ್ತಾಳೇನೋ?" ಎಂದ ಹುಲುಗಮ್ಮ ಒಂದು ಚೀಲದ ಮೇಲೆ ಕುಳಿತೇ ಬಿಟ್ಟಳು. ಆಕೆಯನ್ನು ಎಬ್ಬಿಸುವುದು ಯಾವ ಸರಕಾರದಿಂದಲೂ ಆಗುವಂತಿರಲಿಲ್ಲ.

ಇನ್ನೊಂದು ಚೀಲ ಹಿತ್ತಲಿನ ಒಲೆಗೆ ಹೋಯಿತು. ಬಾಣಲೆಯ ಕಾದ ಮರಳಿಗೆ ಬಿದ್ದ ಭತ್ತ ಪಟಪಟನೆ ಸಿಡಿದು, ಬೆಳ್ಳಗೆ ಅರಳಿ ಅಳ್ಳಾಯಿತು. ಸಿಡಿದ ಮೇಲೆ ಅದು ಭತ್ತದಂತೆ ಒಂದು ಚೀಲದಲ್ಲಿ ಅಡಗಿ ಕೂರುವ ವಸ್ತುವಲ್ಲ ಎಂಬುದು ಚಿದಾನಂದಪ್ಪನ ಇಂಗ್ಲಿಷಿಗೆ ಹೊಳೆದಿರಲಿಲ್ಲ. ಮೊರ ತುಂಬಿತು, ಹಂಡೆ ತುಂಬಿತು, ತೊಟ್ಟಿಲು ತುಂಬಿತು. ಅಳ್ಳು ಪಡಸಾಲೆಗೆ ಹರಿದು ಬಂತು. ಬಚ್ಚಿಡಬೇಕಾಗಿದ್ದದ್ದು ಒಂದು ಚೀಲ. ಈಗ ಬಚ್ಚಿಡಬೇಕಾದದ್ದು ಒಂದು ಗುಡ್ಡ.

"ಇದನ್ನ ಕಂಟ್ರೋಲ್ ಮಾಡಾಕ ಯಾರನ್ನ ಕರೀಲಿ?" ಎಂದು ಹಿತ್ತಲಿನಿಂದ ದುರುಗಮ್ಮ ಕೇಳಿದಳು.

ಚಿದಾನಂದಪ್ಪನಿಗೆ ಚಳಿಜ್ವರ ಬಂದಂತಾಯಿತು. ಅಕ್ಕನ ಕಾಲ ಬಳಿ ಕಂಬಳಿ ಹೊದ್ದು, ತಲೆಯವರೆಗೆ ಎಳೆದುಕೊಂಡು ಮಲಗಿದ.

ಹಬ್ಬವಿಲ್ಲದ ದಿನ ಇಷ್ಟು ಅಳ್ಳು ಹುರಿದರೆ ಆ ಓಣಿಯಲ್ಲಿ ಅದಕ್ಕೆ ಒಂದೇ ಕಾರಣ: ಹೆಣದ ಮುಂದೆ ಚೆಲ್ಲುವುದಕ್ಕೆ. ನೋಡಲು ಬಂದ ಪಾರಮ್ಮನಿಗೆ ಅಳ್ಳಿನ ಗುಡ್ಡ ಕಂಡಿತು, ಹೊಗೆಗೆ ಕಣ್ಣೊರೆಸಿಕೊಳ್ಳುತ್ತಿದ್ದ ಹುಲುಗಮ್ಮ ಕಂಡಳು, ಮುಸುಕು ಹಾಕಿ ಮಲಗಿಸಿದ ಆಳು ಕಂಡಿತು.

"ಅಯ್ಯ ಶಿವನೇ, ಯಾವಾಗ ಹೋದ್ನಬೇ?"

ಸತ್ತವರ ಮನೆಯಲ್ಲಿ ಯಾರೂ ಚೀಲ ಹುಡುಕುವುದಿಲ್ಲ ಎಂದು ಹುಲುಗಮ್ಮನಿಗೆ ಥಟ್ಟನೆ ಹೊಳೆಯಿತು. ಅಳುವವಳಂತೆ ಮೂಗು ಎಳೆದುಕೊಂಡಳು. ಪಾರಮ್ಮ ಹೊರಗೋಡಿದ ಕೂಡಲೇ ತಮ್ಮನ ಕಾಲನ್ನು ಒತ್ತಿ, "ಸುಮ್ನ ಬಿದ್ದಿರು," ಎಂದಳು.

ಆತ ಬಿದ್ದಿದ್ದ. ಓಣಿಯೇ ಬಂದು ಅಳತೊಡಗಿತು. ಹಿತ್ತಲಿನಿಂದ ಬಂದ ದುರುಗಮ್ಮನೂ ಹುಲುಗಮ್ಮನ ಕಣ್ಸನ್ನೆಗೆ ಸೆರಗು ಬಾಯಿಗಿಟ್ಟುಕೊಂಡಳು. "ಪಾಪ, ಮಾತು ಭಾಳ ಆಡ್ತಿದ್ದ, ಆದ್ರ ಯಾರಿಗೂ ಕೇಡು ಮಾಡ್ಲಿಲ್ಲ," ಎಂದರು ಯಾರೋ. ಕಂಬಳಿಯ ಒಳಗೆ ಚಿದಾನಂದಪ್ಪನಿಗೆ ಮೊದಲ ಬಾರಿ ನೆಮ್ಮದಿ ಎನಿಸಿತು. ಸತ್ತವನ ಮೇಲೆ ಯಾವ ಕಂಟ್ರೋಲೂ ಇಲ್ಲ.

ಅಷ್ಟರಲ್ಲಿ ಬೂಟಿನ ಸದ್ದು ಬಂತು, ಬಾಗಿಲಲ್ಲಿ ನಿಂತಿತು. ತಪಾಸಣೆಗೆ ಬಂದಿದ್ದ ಜಡೆಪ್ಪ ಅಳು ಕೇಳಿ, ಮರ್ಯಾದೆಯಿಂದ ಬೂಟು ಕಳಚಿ, ಟೊಪ್ಪಿಗೆ ಕೈಯಲ್ಲಿ ಹಿಡಿದು ಒಳಗೆ ಬಂದ. ಬೂಟು ಹಾಕಿಕೊಂಡೇ ಬಂದಿದ್ದರೆ ಏನೂ ಆಗುತ್ತಿರಲಿಲ್ಲ. ಬರಿಗಾಲಿಗೆ ಏನೋ ಚುಚ್ಚಿತು. ಬಗ್ಗಿ ಎತ್ತಿ ನೋಡಿದ. ಭತ್ತದ ಕಾಳು. ಕಾಳಿನ ಜಾಡು ಹಿಡಿದ ಆತನ ಕಣ್ಣು ಹುಲುಗಮ್ಮ ಕುಳಿತ ಚೀಲದ ಮೇಲೆ ನಿಂತಿತು.

"ಯಮ್ಮಾ, ಈ ಚೀಲ ಯಾರ್ದು?"

ಅಳು ನಿಂತಿತು. ಹುಲುಗಮ್ಮ ಎದ್ದು ನಿಂತು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬಾಯಿ ತೆರೆದಳು.

"ಅಕ್ಕಂದಲ್ರಿ ಸಾಹೇಬ್ರ," ಎಂದಿತು ಕಂಬಳಿ. "ನಂದು."

ಪಾರಮ್ಮ ಕೈಯಲ್ಲಿದ್ದ ಹೂಮಾಲೆ ಬಿಟ್ಟು ಬೀದಿಗೆ ಓಡಿದಳು. ಜಡೆಪ್ಪನ ಟೊಪ್ಪಿಗೆ ಅಳ್ಳಿನಲ್ಲಿ ಬಿತ್ತು. ಎದ್ದು ಕುಳಿತ ಚಿದಾನಂದಪ್ಪನ ಹಲ್ಲುಗಳು ಕಟಕಟನೆ ಬಡಿಯುತ್ತಿದ್ದವು. ಆದರೂ ಆತ ಕಂಬಳಿಯೊಳಗಿಂದ ಕೈ ತೆಗೆದು, ಅಕ್ಕನನ್ನು ಹಿಂದಕ್ಕೆ ಸರಿಸಿ, ಚೀಲದ ಮೇಲೆ ತಾನು ಕುಳಿತ.