ಬುಧವಾರದ ಚೌಕಾಸಿ ಕ್ಲಾಸು

ಮಸ್ಕತ್ತಿನ ಜೂನ್ ತಿಂಗಳ ಬಿಸಿಲಿನ ಜೊತೆ ಚೌಕಾಸಿ ಮಾಡಿ ಅದನ್ನು ನಾಲ್ಕು ಡಿಗ್ರಿ ಕೆಳಗಿಳಿಸಿದವನು ನಾನು. ಸಾಕ್ಷಿಗೆ ಘಾಲಾದ ನಮ್ಮ ಸ್ಪೇರ್ ಪಾರ್ಟ್ಸ್ ಗೋದಾಮಿನ ಗೋಡೆಯ ಮೇಲೆ ಥರ್ಮಾಮೀಟರ್ ಇದೆ. ಅವಮಾನ ತಾಳಲಾರದೆ ಅದು ಆ ದಿನದಿಂದ ಮೇಲೆ ಹತ್ತಿಯೇ ಇಲ್ಲ. ಮತ್ರಾದ ಹಳೇ ಮಾರುಕಟ್ಟೆ ಸೂಕಿನಲ್ಲಿ ನನ್ನ ಚಪ್ಪಲಿಯ ಸದ್ದು ಕೇಳಿದರೆ ಲೋಬಾನದ ವ್ಯಾಪಾರಿಗಳು ಅರ್ಧ ಬೆಲೆಯನ್ನು ತಾವೇ ಕೂಗಿ ಹೇಳಿ ಶಟರ್ ಎಳೆದುಕೊಳ್ಳುತ್ತಾರೆ. ಇಂಥ ನನ್ನಿಂದ ವಿದ್ಯೆ ಕಲಿತೂ ಕೆಟ್ಟವನು ಒಬ್ಬನೇ. ಅವನ ಹೆಸರು ಗುರುವ.

ಗುರುವ ಅದೇ ಗೋದಾಮಿನಲ್ಲಿ ಪರ್ಚೇಸ್ ಆಫೀಸರ್. ಊರು ಮಲ್ಪೆ. ಯಾರು ಯಾವ ಅಂಕಿ ಹೇಳಿದರೂ "ಲಾಸ್ಟ್ ಎಷ್ಟು?" ಎಂದು ಕೇಳುವುದು ಅವನಿಗೆ ಆಕಳಿಕೆಯ ಹಾಗೆ ತಾನಾಗಿ ಬರುತ್ತಿತ್ತು. ಡಾಕ್ಟರು ಬಿಪಿ ನೂರೈವತ್ತು ಇದೆ ಎಂದಾಗಲೂ "ಲಾಸ್ಟ್ ಎಷ್ಟು ಡಾಕ್ಟ್ರೇ?" ಎಂದವನು.

ಅವನ ಮಗಳು ಸುಪ್ರೀತಾ ಬ್ರಿಟಿಷ್ ಪಠ್ಯದ ಶಾಲೆಯಲ್ಲಿ ಓದುತ್ತಿದ್ದಳು. ಆಗಸ್ಟಿನಲ್ಲಿ ಫಲಿತಾಂಶ ಬಂತು. ಮುಂದಿನದು ಸಿಕ್ಸ್ತ್ ಫಾರ್ಮ್. ಆರನೇ ಕ್ಲಾಸು ಎಂದುಕೊಳ್ಳಬೇಡಿ. ನಮ್ಮ ಪಿಯುಸಿಯ ಹಾಗೆ ಶಾಲೆಯ ಕೊನೆಯ ಎರಡು ವರ್ಷ. ಅಲ್ಲಿ ಓದುವುದು ಮೂರೇ ವಿಷಯ. ಆಯ್ದುಕೊಂಡ ವಿಷಯದಲ್ಲಿ ಬಿ ಗ್ರೇಡಾದರೂ ಬಂದಿರಬೇಕು. ಸುಪ್ರೀತಾಳಿಗೆ ಬೇಕಾದದ್ದು ಬಯಾಲಜಿ, ಕೆಮಿಸ್ಟ್ರಿ ಮತ್ತು ಕಡಲಿನ ಬಗ್ಗೆ ಓದುವ ಮರೈನ್ ಸೈನ್ಸ್. ಕೆಮಿಸ್ಟ್ರಿಯಲ್ಲಿ ಬಂದದ್ದು ಸಿ.

"ಅಪ್ಪಾ, ಇವತ್ತು ಇಂಟರ್‌ವ್ಯೂನಲ್ಲಿ ನಾನೇ ಮಿಸ್ ಹತ್ರ ಒಂದು ಚಾನ್ಸ್ ಕೇಳ್ತೇನೆ. ನೀವು ಪ್ಲೀಸ್ ಸುಮ್ನೆ ಕೂತ್ಕೊಳ್ಳಿ."

"ಮೀನಿನ ವಿಷಯ ಓದ್ಲಿಕ್ಕೆ ಫೀಸ್ ಬೇರೆ! ನಿನ್ನ ಅಜ್ಜಿ ಕಿವಿರು ಎತ್ತಿ ನೋಡಿ ಮೀನಿನ ಜಾತಕವೇ ಹೇಳ್ತಿದ್ರು, ಪುಕ್ಕಟೆ!"

"ಅದು ಮೀನು ತಾಜಾ ಉಂಟಾ ಅಂತ ನೋಡೋದಪ್ಪಾ. ನಾನು ಓದೋದು ಓಷನ್."

ಹೆಂಡತಿ ಉಮಾವತಿ ಅಡುಗೆಮನೆಯಿಂದಲೇ ತೀರ್ಪು ಕೊಟ್ಟಳು. "ಅಲ್ಲಿ ಹೋಗಿ ಲಾಸ್ಟ್ ಎಷ್ಟು ಅಂತ ಕೇಳಿದ್ರೋ, ರಾತ್ರಿ ಊಟ ಇಲ್ಲ ನೋಡಿ."

ಗುರುವ ನೇರವಾಗಿ ಶಾಲೆಗೆ ಹೋಗಿದ್ದರೆ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಒಂದು ಸಹಿ ಹಾಕಲೆಂದು ಮಗಳನ್ನು ಕಾರಿನಲ್ಲೇ ಕೂರಿಸಿ ಗೋದಾಮಿನೊಳಗೆ ಹೊಕ್ಕ. ಅಲ್ಲಿ ಸ್ಟೋರ್ ಕೀಪರ್ ಮುರುಗೇಶನಿದ್ದ. ಬಾಗಲಕೋಟೆಯವನು, ಪರರ ಚಿಂತೆಯಲ್ಲೇ ಅರ್ಧ ತಲೆ ಬೋಳಾದವನು.

"ಬರೇ ಮೂರs ಏನ್ರಿ?" ಗುರುವ ವಿಷಯ ಹೇಳುತ್ತಲೇ ಮುರುಗೇಶ ಎದ್ದು ನಿಂತ. "ಇಷ್ಟ್ ದಿನ ಒಂಬತ್ತು ಕಲಿಸ್ತಿದ್ರು. ಈಗ ಫೀಸ್ ಜಾಸ್ತಿ, ವಿಷಯ ಕಮ್ಮಿ! ಪೂರಾ ಊಟದ ರೊಕ್ಕ ತಗೊಂಡು ಬರೇ ಉಪ್ಪಿನಕಾಯಿ ನೀಡಿದಂಗಾತಲ್ರಿ!"

"ಬುಧವಾರ ಮಧ್ಯಾಹ್ನ ಅದೂ ಇಲ್ಲ ಮಾರಾಯ. ಎನ್ರಿಚ್‌ಮೆಂಟ್ ಅಂತೆ. ಒಬ್ಬ ಚೆಸ್ ಆಡೋದು, ಒಬ್ಬ ಅಡುಗೆ ಕಲಿಯೋದು, ಇನ್ನೊಬ್ಬ ಬೀಚ್ ಗುಡಿಸೋದು."

"ಗುಡಿಸಾಕ ನಾವs ರೊಕ್ಕ ಕೊಡೂದ? ನೀವು ಪರ್ಚೇಸ್ ಆಫೀಸರ್ ಅದೀರೋ, ಏನ್ ಅದೀರಿ?"

ಗುರುವನ ಮರ್ಯಾದೆ ಕ್ಲಚ್ ಕಿತ್ತ ಲಾರಿಯ ಹಾಗೆ ನಡುದಾರಿಯಲ್ಲಿ ನಿಂತಿತು. ಆಗ ಅವನು ನನ್ನನ್ನು ನೆನೆದ. ನಾನು ನನ್ನ ಬ್ರಹ್ಮಾಸ್ತ್ರವನ್ನೇ ಕೊಟ್ಟುಬಿಟ್ಟೆ. "ವ್ಯಾಪಾರ ಕುದುರದಿದ್ದರೆ ಎದ್ದು ನಡೆ. ತಿರುಗಿ ನೋಡಬೇಡ. ಸೂಕಿನಲ್ಲಿ ಕರೆಯದೆ ಇರುವ ಗಂಡು ಇನ್ನೂ ಹುಟ್ಟಿಲ್ಲ." ಶಿಷ್ಯನ ಪರಾಕ್ರಮ ನೋಡಲು ನಾನೂ ಜೊತೆಗೆ ಹೋದೆ.

ಸಿಕ್ಸ್ತ್ ಫಾರ್ಮಿನ ಮುಖ್ಯಸ್ಥೆ ಮಿಸ್ ಓಲಿವಿಯಾ, ಮೂಲ ಮಂಗಳೂರಿನವರು. ಕೋಣೆ ಚಿಕ್ಕದು, ಕುರ್ಚಿ ಮೂರೇ. ನಾನು ಕಾಲ ಮೇಲೆ ಕಾಲು ಹಾಕಿ ಕೂತು ನೋಡತೊಡಗಿದೆ. ಸುಪ್ರೀತಾ ಬಾಯಿ ತೆರೆಯುವ ಮೊದಲೇ ಗುರುವ ಅಂಗಡಿ ಬಿಚ್ಚಿದ.

"ಮೇಡಂ, ಮೂರು ಕಮ್ಮಿ ಆಯ್ತು. ಆರು ಮಾಡಿ."

"ವಿಷಯವಾ? ಇಲ್ಲ ಸರ್, ಇಲ್ಲಿ ಆಳವಾಗಿ ಓದ್ಬೇಕು. ಮೂರಕ್ಕೇ ಮಕ್ಕಳಿಗೆ ನಿದ್ದೆ ಇರೋದಿಲ್ಲ."

"ಹಾಗಾದ್ರೆ ಐದು. ನೀವೂ ಊರಿನವ್ರು, ನಾನೂ ಊರಿನವ."

"ಅಪ್ಪಾ, ಸ್ಟಾಪ್!" ಸುಪ್ರೀತಾ ಮೇಜಿನಡಿ ಒದ್ದಳು.

"ಲಾಸ್ಟ್ ಎಷ್ಟು ಮೇಡಂ?"

"ಮೂರು. ಕೆಮಿಸ್ಟ್ರಿ ಸಿ ಆದ ಕಾರಣ ಸದ್ಯಕ್ಕೆ ಎರಡೇ. ಹಾಗಾಗಿ ಸೇರಿಸಿಕೊಳ್ಳೋದೇ ಕಷ್ಟ. ಮರೈನ್ ಸೈನ್ಸಿನಲ್ಲಿ ಉಳಿದದ್ದು ಒಂದೇ ಸೀಟು. ಹೊರಗೆ ಇನ್ನೂ ಇಬ್ರು ಕಾಯ್ತಿದ್ದಾರೆ."

ಕೇಳಿದಷ್ಟೂ ಸರಕು ಕಮ್ಮಿಯಾಗುತ್ತ ಹೋದ ವ್ಯಾಪಾರ ಒಮಾನಿನ ಇತಿಹಾಸದಲ್ಲೇ ಅದು ಮೊದಲು. ಸುಪ್ರೀತಾಳ ಮುಖ ಬಿಳಿಚಿಕೊಂಡಿತು. ಗುರುವ ಬ್ರಹ್ಮಾಸ್ತ್ರ ಎತ್ತಿದ.

"ಖಲಾಸ್! ನಮಗೆ ಬೇಡ!" ಎಂದವನೇ ಎದ್ದು ಹೊರಟ.

ಬಾಗಿಲಲ್ಲಿ ಕರೆಯಬೇಕಿತ್ತು. ಕರೆಯಲಿಲ್ಲ. ಕಾರಿಡಾರಿನಲ್ಲಿ ಅವನ ಹೆಜ್ಜೆ ಗಂಡನ ಮನೆಗೆ ಹೊರಟ ಮದುಮಗಳ ಹೆಜ್ಜೆಯಷ್ಟು ಸಣ್ಣದಾಯಿತು. ಶೂ ಲೇಸು ಕಟ್ಟಲು ಬಗ್ಗಿದ, ಹಾಕಿದ್ದು ಚಪ್ಪಲಿ. ಕಡಲಾಮೆ ನೋಡಲು ಹೋಗುವ ಪ್ರವಾಸದ ನೋಟಿಸನ್ನು ಬಾಯಿಪಾಠ ಬರುವ ತನಕ ಓದಿದ. ಒಳಗಿನಿಂದ ಕೆಮ್ಮು ಕೂಡ ಕೇಳಲಿಲ್ಲ. ಕೊನೆಗೆ ಗೇಟೇ ಬಂತು.

"ವಿಸಿಟರ್ ಬ್ಯಾಡ್ಜ್ ಕೊಡಿ ಅಣ್ಣ," ಎಂದ ಬಂಟ್ವಾಳದ ಸೆಕ್ಯುರಿಟಿ ರಿಯಾಝ್.

"ಈಗ ಕರೀತಾರೆ ಮಾರಾಯ."

"ಕರೆದ್ರೆ ವಾಪಸ್ ಕೊಡುವ. ಹೊರಗೆ ಹೋದವರ ಬ್ಯಾಡ್ಜ್ ನನ್ನ ಹತ್ರ ಇರ್ಬೇಕು."

ಗೇಟು ಮುಚ್ಚಿತು. ಕಾರಿನ ಕೀ ಸುಪ್ರೀತಾಳ ಚೀಲದಲ್ಲಿತ್ತು. ನೆರಳೆಂದರೆ ಒಂದು ದೀಪದ ಕಂಬದ್ದು. ಗುರುವ ಅದರಲ್ಲಿ ಅಡ್ಡಡ್ಡ ನಿಂತು ನೋಡಿದ, ಮೈ ಹಿಡಿಸಲಿಲ್ಲ. ಅಷ್ಟರಲ್ಲಿ ಉಮಾವತಿಯ ಫೋನು.

"ಎಂತಾಯ್ತು?"

"ವ್ಯಾಪಾರ ನಡೀತಾ ಉಂಟು."

"ನೀವೆಲ್ಲಿದ್ದೀರಿ?"

"ಗೇಟಿನ ಹೊರಗೆ."

"ಮಗಳು?"

"ಒಳಗೆ."

ಆಮೇಲೆ ಫೋನಿನಲ್ಲಿ ಬಂದ ಮಾತುಗಳಿಗೆ ಹೋಲಿಸಿದರೆ ಬಿಸಿಲು ತಂಪಾಗಿತ್ತು.

ಚಪ್ಪಲಿಯ ಅಡಿ ಡಾಂಬರಿಗೆ ಅಂಟತೊಡಗಿದಾಗ ಸುಪ್ರೀತಾ ಹೊರಬಂದಳು.

"ಸಿಕ್ತಪ್ಪಾ. ಮೂರೂ ಸಿಕ್ತು."

"ಕೆಮಿಸ್ಟ್ರಿ?"

"ಡಿಸೆಂಬರ್ ತನಕ ಟ್ರಯಲ್. ಕೆಮಿಸ್ಟ್ರಿ ಸರ್ ಬುಧವಾರ ನಂಗೆ ಎಕ್ಸ್‌ಟ್ರಾ ಕ್ಲಾಸ್ ತಗೊಳ್ತಾರೆ."

"ನೋಡಿದ್ಯಾ! ನಾನು ಎದ್ದು ಬಂದದ್ದಕ್ಕೆ ಹೆದರಿದ್ರು!"

"ಇಲ್ಲ. ಮಿಸ್‌ನ ಅಜ್ಜಿ ಮಾರ್ಕೆಟಲ್ಲಿ ಮೀನು ಮಾರ್ತಿದ್ರಂತೆ. ಎದ್ದು ಹೋಗುವ ಗಿರಾಕಿಯನ್ನು ಕರೀಬಾರ್ದು, ಪರ್ಸ್ ಮರೆತಿದ್ರೆ ಮಾತ್ರ ಕರೀಬೇಕು ಅಂತಿದ್ರಂತೆ. ನಾನೇ ಕೂತು ಕೇಳಿದೆ. ಆ ಸರ್ ಬುಧವಾರ ಚೆಸ್ ಕ್ಲಬ್ ನಡೆಸ್ತಿದ್ರು. ಆ ಹೊತ್ತಿಗೆ ಬೇರೆ ಯಾರಾದ್ರೂ ಬೇರೆ ಏನಾದ್ರೂ ಕಲಿಸಿದ್ರೆ ಸರ್ ಫ್ರೀ ಆಗ್ತಾರೆ ಅಂದ್ರು ಮಿಸ್. ನಾನು ನಿಮ್ಮನ್ನು ಕೊಟ್ಟೆ."

"ನನ್ನನ್ನಾ?"

"ನಮ್ಮ ಅಪ್ಪ ಚೌಕಾಸಿ ಕಲಿಸ್ತಾರೆ ಅಂದೆ. ಮಿಸ್ ಒಂದು ವರ್ಷ ಕೇಳಿದ್ರು. ನಾನು ಎರಡು ಅಂದೆ."

"ಬುಧವಾರ ನಂಗೆ ಆಫೀಸಲ್ವಾ!"

"ನಿಮ್ಮ ಮ್ಯಾನೇಜರ್ ಹತ್ರ ಲಾಸ್ಟ್ ಎಷ್ಟು ಅಂತ ಕೇಳಿ."

ಕೇಳಿದ. ಬುಧವಾರದ ಅರ್ಧ ದಿನಕ್ಕೆ ಬದಲಾಗಿ ಮ್ಯಾನೇಜರು ಶನಿವಾರದ ಇಡೀ ರಜೆಯನ್ನು ಕಿತ್ತುಕೊಂಡರು. ಅದೂ ಲಾಸ್ಟೇ. ರಾತ್ರಿ ಊಟದ ವಿಷಯದಲ್ಲಿ ಉಮಾವತಿ ಕೊಟ್ಟ ಮಾತಿಗೆ ತಪ್ಪುವವಳಲ್ಲ.

ಹೋದ ಬುಧವಾರ ಆ ಚೌಕಾಸಿ ಕ್ಲಾಸಿನ ಮೊದಲ ದಿನ ಈ ಕತೆಯನ್ನು ಹೀಗೆಯೇ ಹೇಳಿದೆ. ನಾನು ಅಲ್ಲಿಗೇಕೆ ಹೋದೆ ಎನ್ನುತ್ತೀರಾ? ಗುರುವನಿಗೆ ಕೆಮ್ಮು, ಅವನ ಬದಲಿಗೆ ಹೋಗಿದ್ದೆ. ಮಕ್ಕಳು ಚಪ್ಪಾಳೆ ತಟ್ಟುವುದರಲ್ಲಿದ್ದರು. ಅಷ್ಟರಲ್ಲಿ ಕೆಮಿಸ್ಟ್ರಿ ಬೇಗ ಮುಗಿಸಿ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದ ಸುಪ್ರೀತಾ ಕೈ ಎತ್ತಿದಳು.

"ಸರ್, ಒನ್ ಡೌಟ್. ಆ ಕೋಣೆಯಲ್ಲಿ ಕುರ್ಚಿ ಮೂರೇ ಅಂದ್ರಿ. ಒಂದ್ರಲ್ಲಿ ಮಿಸ್, ಒಂದ್ರಲ್ಲಿ ನಾನು, ಒಂದ್ರಲ್ಲಿ ಗುರುವ. ನೀವೆಲ್ಲಿ ಕೂತಿದ್ರಿ?"

"ನಾನು... ನಿಂತಿದ್ದೆ."

"ಕಾಲ ಮೇಲೆ ಕಾಲು ಹಾಕಿ ನಿಂತಿದ್ರಾ?"

ನಾನು ಸೀಮೆಸುಣ್ಣ ಹುಡುಕಿದೆ. ಈಗಿನ ಕ್ಲಾಸುಗಳಲ್ಲಿ ಸೀಮೆಸುಣ್ಣ ಇರುವುದಿಲ್ಲ.

"ಇನ್ನೊಂದು ಸರ್. ನಿಮ್ಮ ಕೊರಳಲ್ಲಿ ರಿಯಾಝ್ ಅಂಕಲ್ ಹಾಕಿದ ಬ್ಯಾಡ್ಜ್ ಉಂಟಲ್ಲ. ಅದ್ರಲ್ಲಿ ಯಾರ ಹೆಸರುಂಟು?"

ಕೈಯಿಂದ ಮುಚ್ಚಿಕೊಂಡೆ. ತಡವಾಗಿತ್ತು. ಮುಂದಿನ ಬೆಂಚಿನವನು ಗಟ್ಟಿಯಾಗಿ ಓದಿಬಿಟ್ಟಿದ್ದ.

ಸರಿ, ಒಪ್ಪಿಕೊಳ್ಳುತ್ತೇನೆ. ಗುರುವ ನಾನೇ. ಬ್ರಹ್ಮಾಸ್ತ್ರ ಕೊಟ್ಟವನೂ ನಾನೇ, ಬಿಟ್ಟವನೂ ನಾನೇ, ಕಂಬದ ನೆರಳಲ್ಲಿ ಮೈ ಹಿಡಿಸದೆ ಬೆಂದವನೂ ನಾನೇ. ಬಿಸಿಲು ಒಂದು ಡಿಗ್ರಿಯೂ ಇಳಿದಿಲ್ಲ. ಥರ್ಮಾಮೀಟರಿಗೆ ನಾನೇ ಗೇರ್ ಬಾಕ್ಸು ತಾಗಿಸಿ ಒಡೆದದ್ದು.

"ಮಕ್ಕಳೇ, ಅರ್ಧ ಕತೆಯಾದರೂ ನಿಜ ಅಂತ ಇಟ್ಟುಕೊಳ್ಳುವಾ?" ಎಂದು ಕೇಳಿದೆ.

"ನೋ ಸರ್."

ಹಾಗಾದರೆ ಬೇಡ ಎಂದು ಎದ್ದು, ತಿರುಗಿ ನೋಡದೆ ಬಾಗಿಲ ತನಕ ನಡೆದೆ. ಹಿಡಿಕೆಯ ಮೇಲೆ ಕೈ ಇಟ್ಟುಕೊಂಡು ಸುಮಾರು ಹೊತ್ತು ನಿಂತೆ. ಯಾರೂ ಕರೆಯಲಿಲ್ಲ. ಬೆಲ್ ಆಗಲು ಇನ್ನೂ ಸಮಯವಿತ್ತು. ನಾನೇ ವಾಪಸು ಬಂದು ಕೂತೆ.