ದೋಸೆಯ ಮೇಲೆ ಬೆನ್ನುಹುರಿ

ದಾವಣಗೆರೆಯಲ್ಲಿ ಬೆಣ್ಣೆದೋಸೆಯನ್ನು ತಣ್ಣಗಾಗಿಸಿಕೊಂಡು ತಿನ್ನುತ್ತಿದ್ದ ಮನುಷ್ಯ ಒಬ್ಬರೇ. ಅವರು ನನ್ನ ಚಿಕ್ಕಪ್ಪ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುತ್ತಿದ್ದರು. ಗಂಟೆ ಹೊಡೆದರೂ ಪಾಠ ನಿಲ್ಲಿಸುತ್ತಿರಲಿಲ್ಲ, ಕಾಲೇಜು ಬಿಟ್ಟರೂ ನಿಲ್ಲಿಸುತ್ತಿರಲಿಲ್ಲ.

ಎಂಬತ್ತರ ದಶಕದ ಮಾತು. ಚಿಕ್ಕಮ್ಮ ಮತ್ತೆ ಬಸುರಿಯಾಗಿದ್ದರು. ಹಿಂದೆ ಎರಡು ಸಲ ಗರ್ಭ ಉಳಿದಿರಲಿಲ್ಲ. ಹಾಗಾಗಿ ಅಜ್ಜಿಯ ಕಟ್ಟಪ್ಪಣೆ: “ಹೆರಿಗೆ ಆಗೋತನ ಈ ಮನ್ಯಾಗೆ ಕೂಸಿನ ಸುದ್ದಿ ಯಾರೂ ಎತ್ತಬ್ಯಾಡ್ರಿ. ಕಣ್ಣು ತಾಗತೈತೆ.”

ಚಿಕ್ಕಪ್ಪ ತಾಯಿಯ ಮಾತು ಮೀರಿದವರಲ್ಲ. ಮನೆಯಲ್ಲಿ ತುಟಿ ಬಿಚ್ಚಲಿಲ್ಲ. ಆದರೆ ಮನೆಯ ಹೊರಗೆ ಇಡೀ ದಾವಣಗೆರೆ ಇತ್ತಲ್ಲ?

ಹೋಟೆಲಿನಲ್ಲಿ ದೋಸೆ ಬಂತು. ಅದನ್ನು ಬಿಡಿಸಿ ಹರಡಿ, “ಮೊದ್ಲು ಭ್ರೂಣ ಹಿಂಗಿರತೈತೆ, ಹಾಳೆ ಇದ್ದಂಗೆ” ಎಂದರು. ನಡುವಿನ ಸಾಲಿನ ಜೀವಕೋಶಗಳು ಎಲೆಅಡಿಕೆ ಸಂಚಿಯ ದಾರ ಎಳೆದಂತೆ ತಲೆ ಕಿರಿದು ಮಾಡಿಕೊಳ್ಳುತ್ತವೆ, ಬುಡ ಅಗಲವಾಗಿಯೇ ಉಳಿಯುತ್ತದೆ. ಆಗ ಹಾಳೆ ಬಾಗದೆ ಇನ್ನೇನು ಮಾಡೀತು? ಎರಡೂ ಅಂಚು ಎತ್ತಿ ಕೂಡಿಸಿದರು. ಕೊಳವೆಯಾಯಿತು. ಬೆಣ್ಣೆ ಅಂಗಿಯ ತೋಳಿಗಿಳಿಯಿತು. “ಇದೇ ಮುಂದೆ ಮೆದುಳು, ಬೆನ್ನುಹುರಿ.”

“ಅದಾಗಾಕಿಂತ ಮೊದ್ಲು ತಿಂದುಬಿಡ್ರಿ ಸರ್,” ಎಂದ ಸಪ್ಲೈಯರ್. “ಹಿಂದೆ ಮಂದಿ ನಿಂತಾರೆ.”

ಹರಿಹರದ ಬಸ್ಸಿನಲ್ಲೂ ಇದೇ ಕಥೆ. ಕಂಡಕ್ಟರ್ “ಒಳಗೆ ಸರೀರಿ” ಎಂದರೆ ಇವರು ಬಾಗಿಲಲ್ಲೇ ನಿಂತು ಶುರುಮಾಡುವರು: “ಜೀವಕೋಶಕ್ಕೆ ಕಂಡಕ್ಟರೇ ಬ್ಯಾಡ ನೋಡ್ರಿ. ಪಕ್ಕದ್ದು ಒಂದೀಟು ರಸ ಬಿಟ್ಟು ಸುಳಿವು ಕೊಡತೈತೆ. ಇದು ತಿಳಕೊಂಡು ತಾನೇ ಸರೀತೈತೆ.”

“ಅವಕ್ಕಿರೋ ಬುದ್ಧಿ ನಿಮಗಿಲ್ಲಲ್ರಿ ಸರ್, ಸರೀರಿ. ಅಂದಂಗೆ, ಅಕ್ಕಾರಿಗೆ ಈಗೆಷ್ಟು ತಿಂಗಳು?”

ಅಜ್ಜಿ ಬಚ್ಚಿಟ್ಟ ಸುದ್ದಿ ಹೀಗೆ ಟಿಕೆಟ್ಟಿನ ಜೊತೆ ತಾಲ್ಲೂಕಿಗೆಲ್ಲ ಹಂಚಿಹೋಯಿತು. ನಾನು ಚಿಕ್ಕಮ್ಮನ ಬಳಿ ದೂರು ಒಯ್ದೆ. ಅವರು ಅವರೆಕಾಯಿ ಸುಲಿಯುತ್ತಲೇ ನಕ್ಕರು. “ಹೆದರಿಕಿ ಹೆಚ್ಚಾದಾಗ ಅವರು ಪಾಠ ಮಾಡ್ತಾರಪ್ಪ. ಮಾಡ್ಲಿ ಬಿಡು.”

ಚಿಕ್ಕಮ್ಮನ ತವರು ಹರಿಹರದಲ್ಲಿ ಹೆರಿಗೆಯಾಯಿತು. ಹೆಣ್ಣುಮಗು, ಗಟ್ಟಿ ದನಿ. ಚಿಕ್ಕಪ್ಪ ಮಂಚದ ಪಕ್ಕದಲ್ಲಿ ನಿಂತಿದ್ದರು. ಚಿಕ್ಕಮ್ಮ ಮಗುವಿನ ಮುಷ್ಟಿ ಬಿಡಿಸಿ ಕೇಳಿದರು: “ಊರಿಗೆಲ್ಲ ಹೇಳೀರಿ, ನಾನೊಬ್ಬಾಕೆ ಕೇಳಿಲ್ಲ. ಈ ಬೆರಳು ಹೆಂಗೆ ಬಿಡಿಬಿಡಿ ಆದುವು?”

“ಮೊದ್ಲು ಅಂಗೈ ಒಂದೇ ತುಂಡು ಇರತೈತೆ,” ಎಂದು ಶುರುಮಾಡಿದರು. “ಆಮ್ಯಾಲೆ ನಡುವಿನ ಜೀವಕೋಶ...”

ನಿಂತುಬಿಟ್ಟರು. ಮುಂದಿನ ಮಾತು ನನಗೆ ಗೊತ್ತಿತ್ತು. ನಡುವಿನವು ಸಾಯುತ್ತವೆ, ಅವು ಸತ್ತರೇ ಬೆರಳು ಬಿಡಿಯಾಗುವುದು ಎಂದು ನಮಗೆಲ್ಲ ಎಷ್ಟೋ ಸಲ ಹೇಳಿದ್ದರು. ಚಿಕ್ಕಮ್ಮನ ಮುಖ ನೋಡಿದರು, ಮಗುವನ್ನು ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು:

“ನಡುವಿನವು ದಾರಿ ಬಿಡತಾವೆ.”